ಕಂಪನಿ ನಾಟಕ ಕೊಟ್ಟ ಕಣ್ಣಪ್ಪ

ರಾಜಕುಮಾರ್ ಅವರ ಆರಂಭದ ಚಿತ್ರಗಳನ್ನು ಇಂದು ನೋಡುವವರು, ಅಭಿನಯ ತುಸು ನಾಟಕೀಯವಾಯಿತು ಎನ್ನುವುದುಂಟು. ನಾಟಕದ ಪಳಗಿಕೆ ಸಿನಿಮಾ ನಟನಿಗೆ ತೊಡಕೇ? ಆ ಕಾಲದ ಕನ್ನಡ ಚಿತ್ರರಂಗದ ಮಟ್ಟಿಗಂತೂ ಅದಕ್ಕಿಂತ ದೊಡ್ಡ ಬಂಡವಾಳ ಬೇರೆ ಇರಲಿಲ್ಲ ಎಂದೇ ನಾನು ನಂಬಿದ್ದೇನೆ.

1954ರ ‘ಬೇಡರ ಕಣ್ಣಪ್ಪ’ವನ್ನೇ ನೋಡಿ. ಗುಬ್ಬಿ ಕಂಪನಿಯ ರಂಗದ ಮೇಲೆ ಜನ ಮೆಚ್ಚಿದ್ದ ಕಥೆ. ನಾಯಕ, ಹೆಸರಾಂತ ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ. ರಾಜಕುಮಾರ್ ಎಂದು ಹೆಸರಿಟ್ಟವರು ನಿರ್ದೇಶಕ ಎಚ್.ಎಲ್.ಎನ್. ಸಿಂಹ. ತನ್ನ ಒಂದು ಕಣ್ಣನ್ನು ಶಿವನಿಗೆ ಕೊಟ್ಟ ಬೇಡ, ಇನ್ನೊಂದನ್ನೂ ಕಿತ್ತರೆ ಜಾಗ ಕಾಣದೆಂದು ಗುರುತಿಗಾಗಿ ಲಿಂಗದ ಮೇಲೆ ಕಾಲಿಡುತ್ತಾನೆ. ದೇವರ ಮೇಲೆ ಕಾಲು! ನಟ ಸ್ವಲ್ಪ ಅಳುಕಿದರೂ ಅದು ಅಪಚಾರ, ಸ್ವಲ್ಪ ಮಿತಿಮೀರಿದರೂ ನಗೆಪಾಟಲು. ಪಿಸುಮಾತಿನ ಸಹಜಾಭಿನಯಕ್ಕೆ ಅಲ್ಲಿ ಎಡೆಯಿಲ್ಲ. ಆ ಮುಗ್ಧತೆಯನ್ನು ಇಡೀ ಮೈ ನಂಬಿರಬೇಕು. ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಭಾವ ಮುಟ್ಟಿಸಿ ರೂಢಿಯಿದ್ದ ನಟನಿಗೆ ಈ ಹದ ಮೊದಲೇ ಮೈಗೂಡಿತ್ತು.

ಹಾಗಾಗಿ ಅವರು ರಾತ್ರೋರಾತ್ರಿ ತಾರೆಯಾದರು ಎನ್ನುವ ಮಾತು ನನಗೆ ಹಿಡಿಸುವುದಿಲ್ಲ. 1942ರ ‘ಭಕ್ತ ಪ್ರಹ್ಲಾದ’ದಲ್ಲೇ ಅವರು ಬಾಲನಟ; 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲೊಬ್ಬರು. ನಡುವಿನ ವರ್ಷಗಳ ದುಡಿಮೆಯೆಲ್ಲ ರಂಗದ ಮೇಲೆ. ಮುಂದೆ 1958ರ ‘ಭೂಕೈಲಾಸ’ದಲ್ಲಿ ರಾವಣ, 1960ರ ಒಂದೇ ವರ್ಷದಲ್ಲಿ ರಣಧೀರ ಕಂಠೀರವ ಮತ್ತು ಕನಕದಾಸ. ಬೇಡನಿಂದ ಅಸುರನಿಗೆ, ಅರಸನಿಂದ ದಾಸನಿಗೆ ಇಷ್ಟು ಸಲೀಸಾಗಿ ದಾಟಲು ಸಾಧ್ಯವಾದದ್ದು ದಿನಕ್ಕೊಂದು ವೇಷ ಕಟ್ಟುತ್ತಿದ್ದ ಕಂಪನಿಗಳ ಗರಡಿಯಿಂದಲೇ.

ನನ್ನ ತಕರಾರು ಬೇರೆಯೇ ಇದೆ. ಕಂಪನಿ ನಟನೆಂದರೆ ಹಾಡಲೇಬೇಕಿದ್ದ ನಟ. ಸಿನಿಮಾ ಅವರ ಮಾತು, ನಿಲುವು, ನೋಟವನ್ನೆಲ್ಲ ತೆಗೆದುಕೊಂಡು, ಹಾಡನ್ನು ಮಾತ್ರ ಬೇರೆಯವರಿಗೆ ವಹಿಸಿತು. ಕಣ್ಣಪ್ಪನಿಗೆ ಸಿ.ಎಸ್. ಜಯರಾಮನ್, ಆಮೇಲೆ ಬಹುಕಾಲ ಪಿ.ಬಿ. ಶ್ರೀನಿವಾಸ್. ಪಿ.ಬಿ.ಎಸ್. ಅವರ ಮಾಧುರ್ಯಕ್ಕೆ ನಾನೂ ಸೋತವನೇ. ಆದರೂ 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜಕುಮಾರ್ ಕಂಠ ಕೇಳಿದ ಮೇಲೆ, ಅಲ್ಲಿಯವರೆಗಿನ ಇಪ್ಪತ್ತು ವರ್ಷಗಳ ಬಗ್ಗೆ ಹೊಟ್ಟೆ ಉರಿಯದೆ ಇರುವುದಿಲ್ಲ. ಚಿತ್ರರಂಗ ಆಗ ನಾಟಕದಿಂದ ಕಲಿತದ್ದು ಹೆಚ್ಚಾಗಲಿಲ್ಲ, ಕಡಿಮೆಯಾಯಿತು.