22 ವರ್ಷಗಳನ್ನು ಯಾವ ಖಾತೆಗೆ ಬರೆಯೋಣ?

ನಾನು ದಿನವೂ ಈಸೂರಿನಿಂದ ಬಸ್ಸಿನಲ್ಲಿ ಬರುವವಳು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದ ಊರು ಅಂದರೆ ಎಲ್ಲರಿಗೂ ಗೊತ್ತು. ಆದರೆ ಆ ಕಥೆಯಲ್ಲಿ ನನ್ನನ್ನು ಕಾಡುವುದು ತಾರೀಖುಗಳು. 1942ರ ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರ್ ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಇವರಿಗೆ ಗಲ್ಲು. ನಡುವೆ ಆರು ತಿಂಗಳೂ ಇಲ್ಲ. ಊರಿಗೆ ಊರೇ ಸೇರಿದ್ದ ಗಲಾಟೆಯಲ್ಲಿ ಯಾರ ಕೈ ಎಲ್ಲಿತ್ತೆಂದು ಅಷ್ಟು ಬೇಗ ಹೇಗೆ ತಿಳಿಯಿತು? ಗಲ್ಲಿಗೇರಿದವರಿಗೆ ಸ್ಮಾರಕ ಕಟ್ಟಬಹುದು, ಮರುವಿಚಾರಣೆ ಕೊಡಲಾಗದು.

ಬದುಕಿ ಹೊರಬಂದವರಿಗೆ ಏನು ಕೊಡುತ್ತೇವೆ?

ಗುಲ್ಬರ್ಗದ ನಿಸಾರುದ್ದೀನ್ ಅಹ್ಮದ್ ಫಾರ್ಮಸಿ ಓದುತ್ತಿದ್ದರು, ನಮಗಿಂತ ಎರಡು ಮೂರು ವರ್ಷ ದೊಡ್ಡವರಷ್ಟೇ. 1994ರ ಜನವರಿಯಲ್ಲಿ ಪೊಲೀಸರು ಹಿಡಿದರು. ರೈಲು ಬಾಂಬ್ ಸ್ಫೋಟದ ಪ್ರಕರಣ, ಟಾಡಾ ಕಾಯ್ದೆ. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ, ಟಾಡಾದಲ್ಲಿ ಇತ್ತು. ಜೀವಾವಧಿ ಶಿಕ್ಷೆಯಾಯಿತು. ಅಣ್ಣನೂ ಜೈಲಿಗೆ ಹೋದರು, ಅಲ್ಲಿ ಕ್ಯಾನ್ಸರ್ ಹಿಡಿಯಿತು. ತಂದೆ 2006ರಲ್ಲಿ ತೀರಿಕೊಂಡರು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಸಾರ್ ಅವರನ್ನು ಬಿಡುಗಡೆ ಮಾಡಿತು. ಅದೇ ಪ್ರಕರಣದಲ್ಲಿ ಬೇರೆ ಕೆಲವರ ಶಿಕ್ಷೆಯನ್ನು ಎತ್ತಿಹಿಡಿಯಿತು ಎಂಬುದನ್ನೂ ಹೇಳಬೇಕು. ಬಾಂಬ್ ಇಟ್ಟವನಿಗೆ ಶಿಕ್ಷೆ ಆಗಲೇಬೇಕು. ಅದಕ್ಕೇ ತಪ್ಪು ಮನುಷ್ಯನನ್ನು ಹಿಡಿಯಬಾರದು.

ಅಕೌಂಟೆನ್ಸಿಯಲ್ಲಿ ಹಳೇ ಯಂತ್ರಕ್ಕೂ ವರ್ಷ ವರ್ಷ ಸವಕಳಿ ಬರೆಯುತ್ತೇವೆ. ಈ 22 ವರ್ಷಗಳಿಗೆ ಯಾವ ಪುಸ್ತಕದಲ್ಲೂ ಜಾಗವಿಲ್ಲ.

ಇದು ನಮ್ಮವರ ಗೋಳು ಮಾತ್ರ ಎಂದುಕೊಂಡರೆ ತಪ್ಪು. ಹೆಂಡತಿಯನ್ನು ಕೊಂದ ಆರೋಪದಲ್ಲಿ ಕೊಡಗಿನ ಕೂಲಿಕಾರರೊಬ್ಬರು ಒಂದೂವರೆ ವರ್ಷ ಜೈಲಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಕಾಣಿಸಿಕೊಂಡರು! ಮೈಸೂರಿನ ಕೋರ್ಟ್ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಬೇರೊಬ್ಬ ನ್ಯಾಯಾಧೀಶರು ಹತ್ತು ಲಕ್ಷ ಎನ್ನಬಹುದಿತ್ತು, ಏನೂ ಇಲ್ಲ ಎನ್ನಲೂಬಹುದಿತ್ತು. ಏಕೆಂದರೆ ಇದಕ್ಕೊಂದು ಕಾನೂನೇ ಇಲ್ಲ. 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ದಾರಿ ತೋರಿಸಿತ್ತು: ಇಂಥ ಅರ್ಜಿಗಳಿಗೆ ವಿಶೇಷ ಕೋರ್ಟ್, ಕಾಲಮಿತಿ, ಹಣದ ಜೊತೆಗೆ ಮನಸ್ಸಿನ ಚಿಕಿತ್ಸೆ, ಕೆಲಸದ ತರಬೇತಿ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಕೊನೆಯದು. ಇಪ್ಪತ್ತು ವರ್ಷ ಒಳಗಿದ್ದು ಬಂದವರಿಗೆ ಯಾರು ಕೆಲಸ ಕೊಡುತ್ತಾರೆ, ಯಾರು ಬಾಡಿಗೆಗೆ ಮನೆ ಕೊಡುತ್ತಾರೆ? ವರದಿ ಇನ್ನೂ ವರದಿಯಾಗಿಯೇ ಇದೆ.

ಇದನ್ನು ಬರೆಯುತ್ತೇನೆ ಅಂದಾಗ ಅಬ್ಬಾ, "ಇದೆಲ್ಲ ನಮಗ್ಯಾಕೆ ಬೇಟಿ, ಜಿಎಸ್‌ಟಿ ಬಗ್ಗೆ ಬರಿ" ಅಂದರು. ಅಣ್ಣ ಬೆಂಗಳೂರಿಗೆ ಹೊರಟಾಗಲೆಲ್ಲ ಅವರು ಬಸ್ ಟಿಕೆಟ್ ಬಿಸಾಡಬೇಡ ಅನ್ನುತ್ತಾರೆ. ಅಂಗಡಿ ಬಿಲ್ಲು ಜೋಡಿಸುವವರ ಅಭ್ಯಾಸ ಅಂದುಕೊಂಡಿದ್ದೆ. ನಿಸಾರ್ ಅವರ ಬಗ್ಗೆ ಓದಿದ ಮೇಲೆ ಅದು ಯಾತಕ್ಕೆಂದು ತಿಳಿಯಿತು.

ಮುಂದಿನ ವರ್ಷ ನನಗೂ ವೋಟು ಬರುತ್ತದೆ. ಮನೆ ಬಾಗಿಲಿಗೆ ಬಂದವರನ್ನು ಆ 277ನೇ ವರದಿ ಓದಿದ್ದೀರಾ ಎಂದು ಕೇಳಬೇಕೆಂದಿದ್ದೇನೆ. ಅಬ್ಬಾ ಒಳಗೆ ಕರೆಯುವ ಮೊದಲೇ.