ಪೈರಿನೊಳಗಣ ಷರಾ

ಕಡತದಲ್ಲಿನ ಆದೇಶದ ಒಕ್ಕಣೆ ಒಂದೇ ಆಗಿದ್ದರೂ ಅದರ ಅಂಚಿನಲ್ಲಿ ಮೇಲಧಿಕಾರಿ ಬರೆದ ಸಣ್ಣದೊಂದು ಷರಾದಿಂದ ಕೆಲಸವು ಇಂದೇ ಕೈಗೂಡುವುದೋ ಕಪಾಟಿನ ಮೂಲೆಯನ್ನು ಸೇರುವುದೋ ನಿರ್ಣಯವಾಗುವಂತೆ, ಸಸ್ಯದ ಜೀವಕೋಶದಲ್ಲಿ ಡಿಎನ್‌ಎ ಎಂಬ ಮೂಲಗ್ರಂಥದಿಂದ ನಕಲಾಗಿ ಹೊರಡುವ ಆರ್‌ಎನ್‌ಎ ಸಂದೇಶಗಳ ಮೇಲೆಯೂ ಅತಿಸೂಕ್ಷ್ಮವಾದ ರಾಸಾಯನಿಕ ಷರಾಗಳು ಬೀಳುತ್ತವೆ. ಇವುಗಳಲ್ಲಿ ಮುಖ್ಯವಾದುದು ಅಡಿನೀನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುವ ಮೀಥೈಲ್ ಗುರುತು: ಒಂದು ಇಂಗಾಲ, ಮೂರು ಜಲಜನಕ, ಅಷ್ಟೆ. ಅದನ್ನು ಬರೆಯುವ, ಅಳಿಸುವ, ಓದುವ ಪ್ರೋಟೀನುಗಳು ಬೇರೆಬೇರೆ ಉಂಟು. ಸಂದೇಶವು ಬಹುಕಾಲ ಬಾಳಬೇಕೆ, ಬೇಗನೆ ನಶಿಸಬೇಕೆ ಎಂಬುದು ಬಹುಮಟ್ಟಿಗೆ ಇವುಗಳ ವ್ಯವಹಾರವನ್ನು ಅವಲಂಬಿಸಿದೆ.

ಸಾಸಿವೆಯ ಕುಲಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಬರೆಯುವ ಕಿಣ್ವವಿಲ್ಲದಿದ್ದರೆ ಭ್ರೂಣವು ಗೋಳಾಕಾರದ ಹಂತವನ್ನು ದಾಟಲಾರದೆ ಅಲ್ಲಿಯೇ ನಿಂತುಬಿಡುವುದೆಂದು 2008ರಲ್ಲಿ ತಿಳಿಯಬಂದಿತು. ಅಳಿಸುವ ಕಿಣ್ವಗಳಲ್ಲಿ ಒಂದನ್ನು ಕಳೆದುಕೊಂಡ ಗಿಡವು ಹೂ ಬಿಡಲು ತಡಮಾಡುವುದೆಂದು 2017ರಲ್ಲಿ.

ಆದರೆ ಲೋಕದ ಗಮನವನ್ನು ಸೆಳೆದುದು 2021ರಲ್ಲಿ ಪೀಕಿಂಗ್ ಮತ್ತು ಷಿಕಾಗೋ ವಿಶ್ವವಿದ್ಯಾಲಯಗಳ ವಿದ್ವಾಂಸರು ಇತರರೊಡಗೂಡಿ ಪ್ರಕಟಿಸಿದ ಪ್ರಯೋಗ. ಮನುಷ್ಯದೇಹದಲ್ಲಿ ಇದೇ ಗುರುತನ್ನು ಅಳಿಸುವ ಎಫ್‌ಟಿಒ ಎಂಬ ಕಿಣ್ವದ ಜೀನನ್ನು ಭತ್ತದೊಳಕ್ಕೆ ಸೇರಿಸಿದಾಗ, ಬೇರಿನ ತುದಿಯ ಕೋಶಗಳು ಹೆಚ್ಚು ಹೆಚ್ಚಾಗಿ ವಿಭಜನೆಗೊಂಡು, ತೆಂಡೆಗಳು ಅಧಿಕವಾಗಿ ಒಡೆದು, ನೀರಿನ ಅಭಾವವನ್ನು ತಾಳುವ ಶಕ್ತಿಯೂ ಬೆಳೆದು, ಗಾಜಿನ ಮನೆಯಲ್ಲಿ ಕಾಳಿನ ಇಳುವರಿ ಮೂರು ಪಟ್ಟಿಗೂ ಮಿಕ್ಕಿ ಏರಿತು. ಗದ್ದೆಗೆ ಬಂದಾಗ ಭತ್ತದಲ್ಲಿಯೂ ಆಲೂಗಡ್ಡೆಯಲ್ಲಿಯೂ ಆ ಏರಿಕೆ ಸುಮಾರು ಶೇಕಡ 50ಕ್ಕೆ ನಿಂತಿತು. ಶೇಕಡ 50 ಅಲ್ಪವೇನಲ್ಲ, ಅದು ಅಪೂರ್ವವೇ ಸರಿ. ಆದರೂ ಗಾಜಿನ ಮನೆಗೂ ಗದ್ದೆಗೂ ನಡುವಣ ಈ ಅಂತರದಲ್ಲಿಯೇ ನಮ್ಮ ರೈತನ ಹಿತಾಹಿತವೆಲ್ಲ ಅಡಗಿದೆಯೆಂದು ನಾನು ನಂಬುತ್ತೇನೆ.

ಏಕೆಂದರೆ ಅದೇ ವರ್ಷ ಅರಾಬಿಡಾಪ್ಸಿಸ್‌ನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಗುರುತನ್ನು ಬರೆಯುವ ಕಿಣ್ವಸಮೂಹದ ಒಂದು ಅಂಗ ಕೆಟ್ಟುಹೋದ ಗಿಡವು ಉಪ್ಪಿನ ಬಾಧೆಗೆ ಬೇಗನೆ ಸೋಲುವುದು ಕಂಡುಬಂದಿತು. ಒಂದೆಡೆ ಅಳಿಸಿದುದರಿಂದ ಲಾಭ, ಇನ್ನೊಂದೆಡೆ ಬರೆಯದಿದ್ದುದರಿಂದ ಹಾನಿ. ಗಂಗಾವತಿ ಸಿಂಧನೂರುಗಳ ಸುತ್ತ ತುಂಗಭದ್ರೆಯ ನಾಲೆಯ ನೀರುಂಡು ಭತ್ತ ಬೆಳೆದ ನೆಲದಲ್ಲಿ ಸವುಳು ಮೇಲೇರಿ ಎಷ್ಟೋ ಹೊಲಗಳು ಬಂಜೆಯಾಗಿರುವುದನ್ನು ಕಂಡವರಿಗೆ ಇದು ಪುಸ್ತಕದ ಪ್ರಶ್ನೆಯಾಗಿ ತೋರದು.

ಮನುಷ್ಯನ ಜೀನು ಅನ್ನದಲ್ಲಿ ಸೇರಿತೆಂಬ ಗಾಬರಿಯಿಂದ ಈ ವಿದ್ಯೆಯನ್ನೇ ದೂರವಿಡುವುದು ನನಗೆ ಸಮ್ಮತವಲ್ಲ; ಸಸ್ಯಕ್ಕೆ ತನ್ನವೇ ಆದ ಅಳಿಸುವ ಕಿಣ್ವಗಳಿರುವುದರಿಂದ ಪರಜೀನಿನ ಹಂಗಿಲ್ಲದ ದಾರಿಯನ್ನೂ ಅರಸಬಹುದು. ಆದರೆ ಪರೀಕ್ಷೆಯು ಬೀಜ ಮಾರುವವರ ಕೈಯಲ್ಲಲ್ಲದೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಕೈಯಲ್ಲಿ, ಸಾರ್ವಜನಿಕ ದ್ರವ್ಯದಿಂದ, ಫಲವತ್ತಾದ ತಾಕಿನಲ್ಲಿ ಮಾತ್ರವಲ್ಲದೆ ಸವುಳು ಹಿಡಿದ ನಾಲೆಯಂಚಿನ ಗದ್ದೆಯಲ್ಲಿಯೂ ಹಲವು ಹಂಗಾಮುಗಳ ಕಾಲ ನಡೆಯತಕ್ಕದ್ದು; ಸೋತ ಬೆಳೆಯ ಲೆಕ್ಕವನ್ನೂ ಗೆದ್ದ ಬೆಳೆಯ ಲೆಕ್ಕದೊಡನೆ ಕನ್ನಡದಲ್ಲಿಯೇ ಅಚ್ಚುಹಾಕಿ ಆ ಊರಿನ ರೈತರ ಕೈಗೆ ಕೊಡತಕ್ಕದ್ದು.