ಒಡನಾಡಿಗಳು ಕೈಬಿಡಲಿಲ್ಲ, ಆಡಳಿತ ಕೈಹಿಡಿಯಲಿಲ್ಲ

ಆಸ್ಪತ್ರೆಯಲ್ಲಿ ದುಡಿಯುವ ನರ್ಸ್‌ಗಳಿಗೆ ಅಲ್ಲಿ ಯಾರು ಆಸರೆಯಾಗಿದ್ದಾರೆ ಎಂದು ಹಿಂತಿರುಗಿ ನೋಡುವವರು 1973ರ ನವೆಂಬರ್ 27ನ್ನು ಮರೆಯುವಂತಿಲ್ಲ. ಹೊನ್ನಾವರ ತಾಲ್ಲೂಕಿನ ಹಳದೀಪುರದ ನರ್ಸ್ ಅರುಣಾ ಶಾನಭಾಗ ಅಂದು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ, ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋಗಿದ್ದರು. ಅದೇ ಆಸ್ಪತ್ರೆಯ ನೌಕರನೊಬ್ಬ ಅವರ ಮೇಲೆ ಎರಗಿದ. ಅರುಣಾ ಮತ್ತೆ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ತೀರಿಕೊಂಡರು.

ನಡುವಿನ ನಾಲ್ಕು ದಶಕ ಅವರನ್ನು ಸಾಕಿ ಸಲಹಿದವರು ಕೆಇಎಂನ ನರ್ಸ್‌ಗಳು. ಅವರೊಂದಿಗೆ ದುಡಿದವರು ನಿವೃತ್ತರಾದ ಮೇಲೆ, ಅರುಣಾರ ದನಿಯನ್ನೇ ಕೇಳಿರದ ಕಿರಿಯರು ಆ ಹೊಣೆ ಹೊತ್ತರು. ಮುಂಬೈ ಪಾಲಿಕೆ ಅರುಣಾರನ್ನು ಬೇರೆಡೆಗೆ ಸಾಗಿಸಲು ಹೊರಟಾಗ ಪ್ರತಿಭಟಿಸಿ ತಡೆದರು. 2011ರಲ್ಲಿ ಸುಪ್ರೀಂ ಕೋರ್ಟ್ ಅರುಣಾಗೆ ದಯಾಮರಣ ಕೋರಿದ್ದ ಅರ್ಜಿಯನ್ನು ತಳ್ಳಿಹಾಕುವಾಗ ಈ ಆರೈಕೆಯನ್ನು ಮನಸಾರೆ ಕೊಂಡಾಡಿತು.

ಆದರೆ ಹಲ್ಲೆ ನಡೆದಾಗ ಅದೇ ನರ್ಸ್‌ಗಳು ಮುಷ್ಕರ ಹೂಡಿ ಸುರಕ್ಷಿತವಾದ ಕೆಲಸದ ಜಾಗ ಬೇಕೆಂದೂ ಕೇಳಿದ್ದರು. ಆ ಬೇಡಿಕೆ ಏನಾಯಿತು? 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯ ಸೆಮಿನಾರ್ ಕೊಠಡಿಯಲ್ಲಿ ವಿಶ್ರಮಿಸುತ್ತಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರ ನಡೆದು, ಕೊಲೆಯಾಯಿತು. ರಾತ್ರಿ ಪಾಳಿಯವರಿಗೆ ವಿಶ್ರಾಂತಿ ಕೊಠಡಿಯಿಲ್ಲ, ಸರಿಯಾದ ಶೌಚಾಲಯವಿಲ್ಲ ಎಂದು ಸುಪ್ರೀಂ ಕೋರ್ಟೇ ಪಟ್ಟಿ ಮಾಡಬೇಕಾಯಿತು. ಐವತ್ತು ವರ್ಷಗಳ ನಂತರವೂ ಅದೇ ಕೊರತೆ.

ಸಂಬಳದ ಕಥೆಯೂ ಭಿನ್ನವಲ್ಲ. ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು ಕೇಂದ್ರದ ಸಮಿತಿ 2016ರಲ್ಲೇ ಹೇಳಿತು. ಎಷ್ಟೋ ಆಸ್ಪತ್ರೆಗಳಲ್ಲಿ ಅದು ಇಂದಿಗೂ ಕಾಗದದ ಮೇಲಷ್ಟೇ ಇದೆ.

ಇನ್ನು ಸಿಬ್ಬಂದಿಯ ಕೊರತೆ. ಕೆಲಸದಲ್ಲಿ ಮನಸ್ಸಿಡಿ ಎಂದು ನರ್ಸ್‌ಗಳಿಗೆ ಉಪದೇಶಿಸುವವರು 2002ರಲ್ಲಿ ಸಂಶೋಧಕಿ ಲಿಂಡಾ ಐಕೆನ್ ತಂಡ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕಂಡದ್ದನ್ನು ನೆನೆಯಬೇಕು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದ ರೋಗಿಗಳ ಸಾವಿನ ಸಂಭವ ಶೇ 7ರಷ್ಟು, ನರ್ಸ್ ಬಳಲಿ ಬೇಸತ್ತುಹೋಗುವ ಸಂಭವ ಶೇ 23ರಷ್ಟು ಏರುತ್ತಿತ್ತು. ರೋಗಿಗಳು ಕಿಕ್ಕಿರಿದ ವಾರ್ಡಿನಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡಲು, ಕಣ್ಣೀರಿಟ್ಟ ಗೆಳತಿಯ ಬಳಿ ಎರಡು ನಿಮಿಷ ನಿಲ್ಲಲು ಹಿರಿಯ ಸಿಸ್ಟರ್‌ಗೆ ಪುರುಸೊತ್ತೆಲ್ಲಿ? ಸಿಬ್ಬಂದಿ ಕಡಿಮೆಯಾದಲ್ಲಿ ಒಡನಾಟದ ಆಸರೆಯೂ ಕುಸಿಯುತ್ತದೆ.

ನರ್ಸ್‌ಗಳು ಪರಸ್ಪರರಿಗೆ ಸಲ್ಲಿಸಬೇಕಾದದ್ದನ್ನು ಸಲ್ಲಿಸಿದ್ದಾರೆ. ಬಾಕಿ ಇರುವುದು ಸರ್ಕಾರ ಮತ್ತು ಆಸ್ಪತ್ರೆ ಆಡಳಿತಗಳ ಪಾಲು: ವಾರ್ಡಿಗೆ ತಕ್ಕಷ್ಟು ಸಿಬ್ಬಂದಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ವಿಶ್ರಾಂತಿ ಕೊಠಡಿ, ರಾತ್ರಿ ಪಾಳಿಗೆ ಕಾವಲು, ಬದುಕಲು ಸಾಲುವಷ್ಟು ಸಂಬಳ. ಹೊಗಳಿಕೆ ಸಾಕು, ಇವನ್ನು ಕೊಡಿ.